ಪದಚರ್ಚೆ: ‘ಮರುಮೌಲ್ಯಮಾಪನ’ಕ್ಕೆ ಬೇರೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ಆಶಾ ಕಾರ್ಯಕರ್ತೆಯರಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವರ್ಷಗಟ್ಟಲೆಯಿಂದ ನಡೆದು ಬಂದ ಔಷಧಿ, ಪರೀಕ್ಷೆ, ಆಪರೇಷನ್‌ಗಳು ಈಗಲೂ ಉಪಯೋಗಕ್ಕೆ ಬರುತ್ತಿವೆಯಾ ಅಂತ ಮತ್ತೆ ನೋಡುವುದಿದೆಯಲ್ಲ, ಅದರ ಬಗ್ಗೆ. ‘ಹೆಲ್ತ್ ಟೆಕ್ನಾಲಜಿ ರೀಅಸೆಸ್‌ಮೆಂಟ್’ ಅನ್ನುತ್ತಾರೆ. ನಾನು ‘ಆರೋಗ್ಯ ತಂತ್ರಜ್ಞಾನ ಮರುಮೌಲ್ಯಮಾಪನ’ ಅಂತ ಬರೆದು ಒಬ್ಬ ಆಶಾ ಅಕ್ಕನಿಗೆ ಓದಲು ಕೊಟ್ಟೆ. ಅವರು ಮೊದಲ ಸಾಲಿಗೇ ನಿಂತರು. ‘ಮಗಳ ಪಿಯುಸಿ ಪೇಪರ್‌ಗೆ ಹಾಕಿದ್ವಲ್ಲ, ಅದೇನಾ?’ ಅಂದರು.

ಅವರ ಪ್ರಶ್ನೆ ಸರಿಯಾಗಿಯೇ ಇದೆ. ಪರೀಕ್ಷೆಯಲ್ಲಿ ಉತ್ತರಪತ್ರಿಕೆಯೂ ಅದೇ, ಸರಿಯುತ್ತರವೂ ಅದೇ. ತಪ್ಪಿದ್ದರೆ ಅಂಕ ಕೊಟ್ಟವರದ್ದು. ಇಲ್ಲಿ ಅಂದು ಕೊಟ್ಟ ಅಂಕ ಅಂದಿನ ತಿಳಿವಳಿಕೆಗೆ ಸರಿ ಇದ್ದಿರಬಹುದು. ಆಮೇಲೆ ಬದಲಾದದ್ದು ತಿಳಿವಳಿಕೆ.

‘ತಂತ್ರಜ್ಞಾನ’ ಅಂದರೂ ಜನಕ್ಕೆ ಸ್ಕ್ಯಾನಿಂಗ್ ಮೆಷಿನ್ನೇ ಕಾಣುತ್ತದೆ. ವಿಶ್ವ ಆರೋಗ್ಯ ಸಭೆಯ 2007ರ ನಿರ್ಣಯದ ಪ್ರಕಾರ ಔಷಧಿ, ಲಸಿಕೆ, ಚಿಕಿತ್ಸೆಯ ವಿಧಾನ ಎಲ್ಲವೂ ಅದರಲ್ಲಿ ಸೇರುತ್ತವೆ. ಇದಕ್ಕೆ ‘ಚಿಕಿತ್ಸೆ, ಸಲಕರಣೆ’ ಅಂತ ಬಿಡಿಸಿ ಬರೆದರೆ ಸಾಕು ಅನ್ನಿಸಿದೆ.

ತೋಟದ ಗೆಳೆಯರೊಬ್ಬರು ‘ಕಪಾತು ಅನ್ನಿ, ಕೊಡಗಿನಲ್ಲಿ ಎಲ್ಲರಿಗೂ ಗೊತ್ತು’ ಅಂದರು. ನನಗೂ ಬಹಳ ಇಷ್ಟವಾಯಿತು. ಕುಯ್ಲು ಮುಗಿದ ಮೇಲೆ ಒಂದೊಂದು ಕಾಫಿ ಗಿಡದ ಮುಂದೆಯೂ ನಿಂತು, ಒಣಗಿದ್ದು ಯಾವುದು, ಫಸಲು ಕೊಡದ ರೆಕ್ಕೆ ಯಾವುದು ಅಂತ ನೋಡಿಯೇ ಕತ್ತರಿ ಹಾಕುತ್ತಾರೆ. ಆದರೆ ಕಪಾತು ಅಂದ ಕೂಡಲೇ ಕತ್ತರಿಸುವುದೇ ಮುಂದೆ ಬರುತ್ತದೆ, ಅಲ್ವಾ? ಮತ್ತೆ ನೋಡಿದ ಮೇಲೆ ಒಂದನ್ನು ಜಾಸ್ತಿ ಮಾಡಬಹುದು, ಇದ್ದ ಹಾಗೇ ಬಿಡಬಹುದು, ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಬಹುದು. ಹೆರಿಗೆಯ ಹೊಲಿಗೆಯನ್ನೇ ನೋಡಿ. ಮಗು ಹೊರಬರುವಾಗ ದಾರಿ ಅಗಲ ಮಾಡಲು ಕುಯ್ದು, ಆಮೇಲೆ ಹಾಕುವ ಹೊಲಿಗೆ. ಚೊಚ್ಚಲ ಹೆರಿಗೆ ಅಂದರೆ ಕುಯ್ಯಲೇಬೇಕು ಅಂತ ಎಷ್ಟೋ ಕಡೆ ರೂಢಿಯಾಗಿತ್ತು. ಸಹಜ ಹೆರಿಗೆಯಲ್ಲಿ ಹಾಗೆ ವಾಡಿಕೆಯಾಗಿ ಕುಯ್ಯುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಯಾವತ್ತೂ ಕುಯ್ಯಲೇಬಾರದು ಅಂತ ಹೇಳಲಿಲ್ಲ. ಈ ವ್ಯತ್ಯಾಸ ‘ಕಪಾತು’ವಿನಲ್ಲಿ ಕಳೆದುಹೋಗುತ್ತದೆ. ಬಸುರಿಯ ಮನೆಗೆ ಹೋಗಿ ಮಾತಾಡುವವರು ಇದನ್ನೇ ತಪ್ಪು ತಿಳಿದರೆ ಕಷ್ಟ.

ನನ್ನ ಮನಸ್ಸು ಈಗ ‘ಮತ್ತೆ ಒರೆಗೆ ಹಚ್ಚುವುದು’ ಅನ್ನುವುದರ ಕಡೆಗಿದೆ. ಒರೆಗಲ್ಲಿಗೆ ಉಜ್ಜುವಾಗ ಚಿನ್ನ ಅಸಲಿಯೋ ನಕಲಿಯೋ ಅಂತ ಮೊದಲೇ ತೀರ್ಮಾನ ಆಗಿರುವುದಿಲ್ಲ. ವಾಕ್ಯದೊಳಗೆ ಚೆನ್ನಾಗಿ ಕೂರುತ್ತದೆ. ತಲೆಬರಹಕ್ಕೆ ಮಾತ್ರ ಉದ್ದ. ‘ಮರುಒರೆ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ‘ಮರುಪರಿಶೀಲನೆ’ ಇದೆ, ಆದರೆ ಅದು ಕಚೇರಿ ಫೈಲಿನ ಮಾತಾಯಿತು. ಇಲ್ಲಿ ಓದುವವರಲ್ಲಿ ತುಂಬಾ ಜನರ ಮನೆಮಾತು ಕೊಡವ ತಕ್ಕ್, ಅರೆಭಾಷೆ ಅಥವಾ ಮಲಯಾಳ. ಆ ಮನೆಗಳವರು ‘ಒರೆಗೆ ಹಚ್ಚುವುದು’ ಸುಲಭವಾಗಿ ತಿಳಿಯುತ್ತದೆಯಾ ಅಂತ ದಯವಿಟ್ಟು ಹೇಳಿ.