ಸಹಾಯ ಬೇಕು: ಒಂದೇ ಫೋನಿನಲ್ಲಿ ಮದ್ರಸದ ಪಾಠ

ಮಾನ್ಯ ಬಂಧುಗಳೇ, ಅಸ್ಸಲಾಮು ಅಲೈಕುಂ.

ಮುಂಬಯಿಯ ಕುರ್ಲಾದ ನಮ್ಮ ಸಂಜೆಯ ಮದ್ರಸದಲ್ಲಿ, ದಕ್ಷಿಣ ಕನ್ನಡದಿಂದ ಬಂದು ನೆಲೆಸಿದ ಮನೆಗಳ 22 ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಿದ್ದು, ಇರುವ ಸಾಧನವೆಂದರೆ ನನ್ನ ಫೋನು ಮತ್ತು ಒಂದು ಬ್ಲೂಟೂತ್ ಸ್ಪೀಕರ್ ಮಾತ್ರ. ಅರಬಿಯ 28 ಅಕ್ಷರಗಳ ಪೈಕಿ ಕಿರುನಾಲಿಗೆಯ ಬಳಿ ಹುಟ್ಟುವ ‘ಖಾಫ್’ ಮತ್ತು ಅದಕ್ಕಿಂತ ತುಸು ಮುಂದೆ ಹುಟ್ಟುವ ‘ಕಾಫ್’ ಎರಡೂ ಮಕ್ಕಳ ಬಾಯಲ್ಲಿ ನಮ್ಮ ‘ಕ’ ಆಗಿಬಿಡುವುದರಿಂದ, ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾದ 7 ಆಯತ್‌ಗಳನ್ನು (ವಚನಗಳನ್ನು) ಒಂದೊಂದಾಗಿ ನಿಲ್ಲಿಸಿ ಕೇಳಿಸುತ್ತೇನೆ. ನಿನ್ನೆ ಮೂರನೆಯ ಆಯತ್‌ನ ನಡುವೆ ಕರೆ ಬಂದು, ರಿಂಗ್‌ಟೋನಿಗೆ ಇಡೀ ತರಗತಿ ನಕ್ಕಿತು.

ಅಂತರ್ಜಾಲವಿಲ್ಲದೆ ನಡೆಯುವ, ಉಚ್ಚಾರಸ್ಥಾನಗಳನ್ನು ಕನ್ನಡದಲ್ಲಿ ವಿವರಿಸುವ ಚಿಕ್ಕ ವೀಡಿಯೊಗಳಿದ್ದರೆ ದಯವಿಟ್ಟು ತಿಳಿಸಿ. ಬಳಸದೆ ಇಟ್ಟಿರುವ ಹಳೆಯ ಟ್ಯಾಬ್ಲೆಟ್ ಇದ್ದರೂ ಆದೀತು. ಪ್ರೊಜೆಕ್ಟರ್ ಕೇಳುತ್ತಿಲ್ಲ, ಚಿತ್ರ ಬೀಳಲು ನಮ್ಮಲ್ಲಿ ಖಾಲಿ ಗೋಡೆಯೇ ಇಲ್ಲ.