ಕಾಪು ದೀಪಸ್ತಂಭಕ್ಕೆ ಮೆಟ್ಟಿಲು ಎಷ್ಟು ಮಾರಾಯ್ರೆ?

"132," ಅಂದರು ಮೇಷ್ಟ್ರು, ಹೋಟೆಲಿನಲ್ಲಿ ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಾ.

"ಸುಳ್ಳು. 141," ಅಂದ ಪುಟ್ಟ.

ನನ್ನ ಲೆಕ್ಕ 97ಕ್ಕೇ ನಿಂತಿತ್ತು, ಉಸಿರಿನ ಜೊತೆ. ಹಾಗಾಗಿ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಶೆಟ್ರು ಹೇಳಿದ್ದು ಒಂದೇ ಮಾತು: "ಆರಾಮಾಗಿ ಹೋಗುವ, ಆರಾಮಾಗಿ ಬರುವ." ಉಡುಪಿಯಿಂದ ಕಾಪುವಿಗೆ ಹೆದ್ದಾರಿಯಲ್ಲಿ ಸುಮಾರು 13 ಕಿಲೋಮೀಟರ್. ಒಂದು ಬೀಡಾ ಅಗಿದು ಮುಗಿಯುವುದರೊಳಗೆ ತಲುಪಿದೆವು. ಹನ್ನೊಂದು ಗಂಟೆ, ನೆತ್ತಿ ಸುಡುವ ಬಿಸಿಲು, ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆಯ ಗೋಪುರ, ಬಾಗಿಲಿಗೆ ಬೀಗ. ಒಳಗೆ ಬಿಡುವುದು ಸಂಜೆ ಮಾತ್ರ ಅಂತ ಗೊತ್ತಿದ್ದವರು ಶೆಟ್ರೊಬ್ಬರೇ. "ಅದಕ್ಕೇ ಅಲ್ವಾ ಆರಾಮ ಅಂದದ್ದು!"

ಸರಿ, ಹತ್ತಿರದ ಊರು ಮಟ್ಟುವಿನ ಕಡೆಗೆ ಕಡಲ ಬದಿಯಲ್ಲೇ ನಡೆದೆವು. ಒಣ ಮರಳಲ್ಲಿ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ವಾಪಸ್. ಒದ್ದೆ ಮರಳು ಗಟ್ಟಿ, ಆದರೆ ಅಲ್ಲಿ ತೆರೆ ಬಂದು ಚಪ್ಪಲಿ ಕೇಳುತ್ತದೆ. ಪುಟ್ಟ ಒಂದನ್ನು ಕೊಟ್ಟೇಬಿಟ್ಟ. ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು ಅವನು ಹಾರುತ್ತಾ ಹೋದರೆ, ಏಡಿಗಳು ಬಿಲದ ಬಾಯಲ್ಲಿ ಕಣ್ಣು ಎತ್ತಿ ನೋಡಿ ಒಳಗೆ ಓಡುತ್ತಿದ್ದವು. ಭಟ್ರಿಗೆ ಕಡಲು ಕಾಣಲೇ ಇಲ್ಲ. ದಾರಿಯುದ್ದಕ್ಕೂ ಮಟ್ಟುಗುಳ್ಳದ ಹುಳಿಯದ್ದೇ ಧ್ಯಾನ. ಆ ಊರಿನ ಗುಳ್ಳವನ್ನು ಬರೀ ಬದನೆಕಾಯಿ ಅಂದದ್ದಕ್ಕೆ ಮೇಷ್ಟ್ರ ಹತ್ತಿರ ಅರ್ಧ ಗಂಟೆ ಮಾತು ಬಿಟ್ಟರು.

"ಒಂದು ವಿಷಯ ಹೇಳಿ," ಅಂದ ಪುಟ್ಟ. "ಅಷ್ಟು ಸಣ್ಣ ಬಲ್ಬಿನ ಬೆಳಕು ಅಷ್ಟು ದೂರ ಹೋಗುವುದು ಹೇಗೆ?"

"ಮಸೂರ ಮಾರಾಯ," ಮೇಷ್ಟ್ರು ಎದೆ ಉಬ್ಬಿಸಿದರು. "ಗಾಜಿನ ಬಳೆಗಳ ಹಾಗೆ ಸುತ್ತು ಸುತ್ತು. ಮೇಲೆ ಕೆಳಗೆ ಚದುರುವ ಬೆಳಕನ್ನೆಲ್ಲ ಬಗ್ಗಿಸಿ ಕಡಲಿನ ಕಡೆ ನೆಟ್ಟಗೆ ಮಾಡುತ್ತದೆ."

"ಪಂಕ್ತಿಯಲ್ಲಿ ಅಡ್ಡಾದಿಡ್ಡಿ ಕೂತವರನ್ನು ಒಂದೇ ಸಾಲಿಗೆ ಕೂರಿಸಿದ ಹಾಗೆ," ಅಂದರು ಭಟ್ರು. ಮೇಷ್ಟ್ರ ವಿವರಣೆಗಿಂತ ನನಗೆ ಇದೇ ಅರ್ಥವಾದದ್ದು.

"ಒಂದೊಂದು ದೀಪ ಮಿನುಗುವ ಲೆಕ್ಕ ಒಂದೊಂದು ಥರ," ಶೆಟ್ರು ಸೇರಿಸಿದರು. "ಬೋಟಿನವರಿಗೆ ಯಾವ ಊರು ಅಂತ ಅದರಲ್ಲೇ ಗೊತ್ತಾಗ್ತದೆ. ರಾತ್ರಿಗೆ ಕಣ್ಣು ಹೊಡೆಯುವುದು, ಹಗಲಿಗೆ ಗುರುತಿಗೆ ಪಟ್ಟೆ ಅಂಗಿ. 1901ರಿಂದ ಇದೇ ಕೆಲಸ, ಒಂದು ದಿನ ಸಿಕ್ ಲೀವ್ ಇಲ್ಲ."

ಸಂಜೆ ವಾಪಸ್ ಬಂದು ಮೇಲೆ ಹತ್ತಿದಾಗ ಗಾಳಿ ಎಷ್ಟಿತ್ತೆಂದರೆ ಭಟ್ರು ಎರಡೂ ಕೈಯಲ್ಲಿ ಪಂಚೆ ಹಿಡಿದದ್ದು ಬಿಡಲಿಲ್ಲ. ಒಂದು ಬದಿ ತೆಂಗಿನ ಹಸಿರು, ಇನ್ನೊಂದು ಬದಿ ಕಡಲು, ಅದರ ಮೇಲೆ ಅಕ್ಕಿಕಾಳಿನಷ್ಟು ದೋಣಿ. ಅಷ್ಟು ಎತ್ತರದಿಂದ ಕಣ್ಣಿಗೆ ಸುಮಾರು 20 ಕಿಲೋಮೀಟರ್ ಸಿಗುತ್ತದಂತೆ. ಕೆಳಗೆ ಕಲ್ಲಿನ ಮೇಲೆ ಶೆಟ್ರು ಅಂಗಾತ ಮಲಗಿದ್ದು ಮಾತ್ರ ಬರಿಗಣ್ಣಿಗೇ ಸ್ಪಷ್ಟ.

"ಲೆಕ್ಕ ಮಾಡುವ," ಇಳಿದು ಹೋಟೆಲಿಗೆ ಬಂದರೂ ಮೇಷ್ಟ್ರು ಬಿಡುವವರಲ್ಲ. "ಗೋಪುರ 27 ಮೀಟರ್. ಒಂದು ಮೆಟ್ಟಿಲು 18 ಸೆಂಟಿಮೀಟರ್ ಹಿಡಿ. ಭಾಗಿಸಿದರೆ 150."

"132 ಎಣಿಸಿದವರು ನೀವೇ ಅಲ್ವಾ? ಉಳಿದ 18 ಹಾರಿದ್ರಾ?"

"ದೀಪದ ಕೋಣೆಯ ಎತ್ತರ ಕಳೆಯಬೇಕು! ನೀನು ಮಧ್ಯೆ ಕಿಟಕಿಯಲ್ಲಿ ಸೆಲ್ಫಿ ತೆಗೆದು ಲೆಕ್ಕ ತಪ್ಪಿದ್ದು!"

"144," ಅಂದರು ಶೆಟ್ರು. ಹತ್ತದೆ ಇದ್ದವರ ದನಿಯಲ್ಲಿ ಎಂಥ ಖಚಿತತೆ!

ಅಷ್ಟರಲ್ಲಿ ಬಿಲ್ಲು ಬಂತು. ಗೋಳಿಬಜೆ ಏಳು ಪ್ಲೇಟ್.

"ಐದು," ಅಂದರು ಮೇಷ್ಟ್ರು. "ನಾನು ಎಣಿಸಿದ್ದೇನೆ."

ಹುಡುಗ ಮಾತಾಡದೆ ಮೇಜಿನ ಮೇಲಿದ್ದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ. ಏಳು.

"ಅವನು ಮಧ್ಯೆ ಸೆಲ್ಫಿ ತೆಗೆಯಲಿಲ್ಲ ನೋಡಿ," ಅಂದ ಪುಟ್ಟ.