ಘಾನಾದಿಂದ ಬಂದ ಶಿಯಾ ಬೆಣ್ಣೆ: ಕಾಲಿಗೋ, ಅಡುಗೆಗೋ?

ಬದಿಯಡ್ಕದ ತೋಟದವಳು:
ನಮ್ಮ ಭಾವ ಗೇರುಬೀಜ ಖರೀದಿಯ ಕೆಲಸದಲ್ಲಿ ಘಾನಾದಲ್ಲಿದ್ದಾರೆ. ಈ ಸಲ ಬರುವಾಗ ಒಂದು ದೊಡ್ಡ ಡಬ್ಬಿ ಶಿಯಾ ಬೆಣ್ಣೆ (ಅಲ್ಲಿನ ಶಿಯಾ ಮರದ ಬೀಜದಿಂದ ತೆಗೆಯುವ ಜಿಡ್ಡು), ಒಂದು ಪೊಟ್ಟಣ ಬಾವೊಬಾಬ್ ಹಣ್ಣಿನ ಹುಡಿ ತಂದರು. ಬೆಣ್ಣೆಗೆ ಹೊಗೆಯ ವಾಸನೆ ಇದೆ. ಸೆಕೆಗೆ ಕರಗಿ ಮತ್ತೆ ಗಟ್ಟಿಯಾಗಿ ರವೆ ರವೆಯಾಗಿದೆ. ಹಾಳಾಗಿದೆಯಾ? ಅಡಿಕೆ ಸುಲಿದು ನನ್ನ ಕೈ ಬಿರುಕು ಬಿಟ್ಟಿದೆ. ಅತ್ತೆಯ ಹಿಮ್ಮಡಿಯೂ ಒಡೆದಿದೆ. ಹಚ್ಚಬಹುದಾ? ತಿನ್ನಲೂ ಆಗುತ್ತದೆ ಎನ್ನುತ್ತಾರೆ ಭಾವ. ಹುಡಿಯನ್ನು ಏನು ಮಾಡುವುದು?

ಉಪ್ಪಳದವ:
ಹಾಳಾಗಿಲ್ಲ ಅಕ್ಕ. ನಾನೂ ಗೇರುಬೀಜದ ಕೆಲಸಕ್ಕೇ ಆ ಕಡೆ ಇದ್ದವ. ಗೇರಿನ ಸೀಸನ್ ಮುಗಿಯುವ ಹೊತ್ತಿಗೆ, ಮೇ ತಿಂಗಳ ಮಳೆಗೆ, ಉತ್ತರದ ತಮಾಲೆ ಕಡೆ ಶಿಯಾ ಹಣ್ಣು ಉದುರಲು ಶುರುವಾಗುತ್ತದೆ. ತಾನಾಗಿ ಹುಟ್ಟಿದ ಮರಗಳನ್ನು ಹೊಲದ ನಡುವೆ ಕಡಿಯದೆ ಉಳಿಸಿಕೊಳ್ಳುತ್ತಾರೆ. ಫಲ ಬಿಡಲು 15–20 ವರ್ಷ ಬೇಕು. ಹೆಂಗಸರು ಬೆಳಕು ಹರಿಯುವ ಮೊದಲೇ ಹೋಗಿ ಬಿದ್ದ ಹಣ್ಣು ಹೆಕ್ಕುತ್ತಾರೆ. ತಿರುಳು ಸಿಹಿ, ಹಾಗೇ ತಿನ್ನುತ್ತಾರೆ. ಬೀಜವನ್ನು ಬೇಯಿಸಿ, ಒಣಗಿಸಿ, ಒಡೆದು, ಹುರಿದು, ಅರೆದು, ನೀರು ಹಾಕಿ ಕೈಯಲ್ಲೇ ಕಡೆಯುತ್ತಾರೆ. ಮೊಸರಿನಿಂದ ಬೆಣ್ಣೆ ಏಳುವ ಹಾಗೆ ಜಿಡ್ಡು ಮೇಲೆ ಬರುತ್ತದೆ. ಅದನ್ನು ಕಾಯಿಸಿ ಸೋಸಬೇಕು. ತೋಳು ಸೋತುಹೋಗುವ ಕೆಲಸ. ಇಲ್ಲಿ ಚಿಕ್ಕ ಡಬ್ಬಿಗೆ ಹೇಳುವ ರೇಟು ನೋಡಿದಾಗೆಲ್ಲ ಆ ಹೆಂಗಸರ ನೆನಪಾಗಿ ಬೇಸರವಾಗುತ್ತದೆ.

ಹೊಗೆಯ ವಾಸನೆ ಹುರಿದದ್ದರಿಂದ ಬಂದದ್ದು. ಬೆಳ್ಳಗಿದ್ದು ವಾಸನೆಯೇ ಇಲ್ಲದ್ದು ರಿಫೈನ್ ಮಾಡಿದ್ದು. ನಿಧಾನವಾಗಿ ತಣಿದರೆ ರವೆಯಾಗುತ್ತದೆ, ಯಾಕೆಂದರೆ ಅದರಲ್ಲಿರುವ ಕೊಬ್ಬುಗಳೆಲ್ಲ ಒಟ್ಟಿಗೆ ಗಟ್ಟಿಯಾಗುವುದಿಲ್ಲ. ಡಬ್ಬಿಯನ್ನು ಬಿಸಿನೀರಲ್ಲಿ ಇಟ್ಟು ಪೂರ್ತಿ ಕರಗಿಸಿ, ಕೂಡಲೇ ಫ್ರಿಜ್ಜಲ್ಲಿಡಿ. ನುಣ್ಣಗಾಗುತ್ತದೆ. ಒದ್ದೆ ಕೈ ಹಾಕಬೇಡಿ. ಹಳೇ ಎಣ್ಣೆಯ ಕಮಟು ಬಂದರೆ ಮಾತ್ರ ಬಿಸಾಡಿ.

ರಾತ್ರಿ ಕೈಕಾಲು ತೊಳೆದು, ಸ್ವಲ್ಪ ಹಸಿ ಇರುವಾಗಲೇ ತೆಳ್ಳಗೆ ಹಚ್ಚಿ. ಚರ್ಮದ ನೀರು ಆರದಂತೆ ತಡೆಯುವುದೇ ಅದರ ಮುಖ್ಯ ಕೆಲಸ. ಬಣ್ಣ ಬರುತ್ತದೆ, ಕಲೆ ಹೋಗುತ್ತದೆ ಎನ್ನುವ ಜಾಹೀರಾತು ನಂಬಬೇಡಿ. ಇದು ಬೀಜದ ಜಿಡ್ಡು, ಹಾಗಾಗಿ ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡಿ. ಹಿಮ್ಮಡಿಯಿಂದ ರಕ್ತ ಬರುತ್ತಿದ್ದರೆ, ಅಥವಾ ಅತ್ತೆಗೆ ಶುಗರ್ ಇದ್ದರೆ, ಡಾಕ್ಟರಿಗೆ ತೋರಿಸದೆ ಏನೂ ಹಚ್ಚಬೇಡಿ.

ಅಲ್ಲಿಯವರ ಅಡುಗೆಗೂ ಇದೇ ಬೆಣ್ಣೆ. ಆದರೆ ನಿಮ್ಮ ಡಬ್ಬಿ ತಿನ್ನಲು ಮಾಡಿದ್ದಾ, ಹಚ್ಚಲು ಮಾಡಿದ್ದಾ ಎಂದು ಭಾವನ ಹತ್ತಿರ ಕೇಳಿ.

ಮುಳ್ಳೇರಿಯದ ಅಮ್ಮ:
ಹಿಮ್ಮಡಿಗೆ ನಮ್ಮ ಪುನರ್ಪುಳಿ (ಕೋಕಂ) ಬೀಜದ ತುಪ್ಪ ಇಲ್ವಾ? ಬೀಜ ಒಣಗಿಸಿ, ಜಜ್ಜಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಉಂಡೆ ಕಟ್ಟಿಡುತ್ತಿದ್ದೆವು. ಈಗಿನವರು ಸಿಪ್ಪೆ ಒಣಗಿಸಿಕೊಂಡು ಬೀಜವನ್ನು ಸುಮ್ನೆ ಬುಡಕ್ಕೆ ಚೆಲ್ಲುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಉಪ್ಪಳದವ:
ಸರಿಯಾಗಿ ಹೇಳಿದಿರಿ ಅಮ್ಮ. ಯುರೋಪಿನ ಚಾಕಲೇಟಿಗೆ ಕೋಕೋ ಬೆಣ್ಣೆ ಬಿಟ್ಟು 5 ಶೇಕಡಾದವರೆಗೆ ಸೇರಿಸಲು ಒಪ್ಪಿರುವ 6 ಜಿಡ್ಡುಗಳಲ್ಲಿ ಶಿಯಾವೂ ಇದೆ, ಪುನರ್ಪುಳಿಯೂ ಇದೆ. ಪುನರ್ಪುಳಿಯದ್ದು ಜಾಸ್ತಿ ಗಟ್ಟಿ. ಹಾಗೇ ಉಜ್ಜಿದರೆ ಹರಡುವುದಿಲ್ಲ. ಎರಡನ್ನೂ ಒಟ್ಟಿಗೆ ಕರಗಿಸಿ, ಸ್ವಲ್ಪ ತೆಂಗಿನೆಣ್ಣೆ ಸೇರಿಸಿದರೆ ಹಿಮ್ಮಡಿಗೆ ಬಹಳ ಒಳ್ಳೆಯದು.

ಬದಿಯಡ್ಕದ ತೋಟದವಳು:
ಅತ್ತೆಗೆ ಶುಗರ್ ಇದೆ, ತೋರಿಸಿಯೇ ಹಚ್ಚುತ್ತೇನೆ. ನನ್ನ ಕೈಗೆ ಇವತ್ತಿಂದಲೇ. ಹುಡಿಯ ವಿಷಯ ಯಾರೂ ಹೇಳಲಿಲ್ಲ.

ಉಪ್ಪಳದವ:
ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡ ಹುಣಸೆ ಎಂದು ತೋರಿಸುವ ಭಾರೀ ಮರಗಳಿವೆಯಲ್ಲ, ಅದೇ ಬಾವೊಬಾಬ್. ಕಾಯಿಯೊಳಗೇ ತಿರುಳು ಒಣಗಿ ಹುಡಿಯಾಗುತ್ತದೆ. ಹುಳಿ ರುಚಿ, ನಾರು ಮತ್ತು ವಿಟಮಿನ್ ಸಿ ಚೆನ್ನಾಗಿದೆ. ಸೆನೆಗಲ್ ಕಡೆ ಅದಕ್ಕೆ ಸಕ್ಕರೆ ಹಾಕಿ ಶರಬತ್ತು ಮಾಡುತ್ತಾರೆ. ನೀವು ಬೆಲ್ಲ ಹಾಕಿ. ಕುದಿಸಿದರೆ ವಿಟಮಿನ್ ಸಿ ಕಮ್ಮಿಯಾಗುತ್ತದೆ, ತಣ್ಣೀರಲ್ಲೇ ಕಲಸಿ ಸೋಸಿಕೊಳ್ಳಿ. ಅತ್ತೆಗೆ ಕೊಡುವುದಾದರೆ ಬೆಲ್ಲ ಬೇಡ, ಚಿಟಿಕೆ ಉಪ್ಪು ಸಾಕು.